ಅರ್ಧ ಮೆಟ್ಟಿಲಿನ ತಕರಾರು

ನಮ್ಮ ಅತ್ತಿಗೆ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವಾಗಲೇ ಮದುವೆಯಾಗಿ ತೂಬಗೆರೆಯ ನಮ್ಮ ಮನೆಗೆ ಬಂದವರು. ಬರುವಾಗ ಒಂದು ಬೀರು, ಒಂದು ಡಜನ್ ಸ್ಟೀಲ್ ಡಬ್ಬಿ ಮತ್ತು ಪಾಸಾಗದ ಒಂದು ಪೇಪರನ್ನು ಜೊತೆಗೆ ತಂದಿದ್ದರು. ಬೀರುವಿಗೂ ಡಬ್ಬಿಗಳಿಗೂ ಬಂದ ದಿನವೇ ಜಾಗ ಸಿಕ್ಕಿತು. ಪೇಪರು ಮಾತ್ರ ಎಲ್ಲಿಟ್ಟರೂ ಕಾಲಿಗೆ ತೊಡರುತ್ತಿತ್ತು. ಮೊದಲ ಸಲ ಕಟ್ಟಿದಾಗ ಪರೀಕ್ಷೆಯ ಬೆಳಿಗ್ಗೆ ಬಸ್ಸಿನಲ್ಲೇ ವಾಂತಿ ಶುರುವಾಗಿ ನಡುದಾರಿಯಲ್ಲಿ ಇಳಿದು ವಾಪಸ್ ಬಂದರು. ಎರಡನೇ ಸಲ ಪರೀಕ್ಷೆಯ ದಿನವೇ ಹೆರಿಗೆಯಾಯಿತು. ಮೂರನೆಯದರ ಹೊತ್ತಿಗೆ ಮಗುವಿಗೆ ಐದು ತಿಂಗಳು, ಕಾಲೇಜಿನ ಬೋರ್ಡಿನಲ್ಲಿ ಒಂದು ನೋಟಿಸು: ಹಳೆ ಸ್ಕೀಮಿನವರಿಗೆ ಇದೇ ಕೊನೆಯ ಅವಕಾಶ.

ಇದರಲ್ಲಿ ಹೋದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಬಿ.ಎಡ್. ಇಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಬೇಕು ಎನ್ನುವುದು ಅತ್ತಿಗೆ ಮದುವೆಗೆ ಒಪ್ಪುವಾಗ ಇಟ್ಟಿದ್ದ ಏಕೈಕ ಷರತ್ತು. ನಮ್ಮ ಮನೆಯವರೆಲ್ಲ ತಲೆಯಾಡಿಸಿ ಒಪ್ಪಿದ್ದರು. ಈಗ ಆ ಷರತ್ತು ಒಂದು ಪೇಪರಿಗೆ ಜೋತುಬಿದ್ದಿತ್ತು. ಪೇಪರಿನ ಹೆಸರು ಕ್ವಾಂಟಮ್ ಮೆಕ್ಯಾನಿಕ್ಸ್.

ಪಾಠ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ವರ್ಷ ಅದೇ ಪೇಪರಿನಲ್ಲಿ ನಾನು ಕ್ಲಾಸಿಗೇ ಮೊದಲು ಬಂದಿದ್ದೆ. ಆದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಏನೆಂದರೆ, ನಾನು ಬರೆದಿದ್ದೆನೇ ಹೊರತು ಒಪ್ಪಿರಲಿಲ್ಲ. ಬರೆಯುವುದು ಬೇರೆ, ಒಪ್ಪುವುದು ಬೇರೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೊಬೈಲ್ ಮಾರಕ ಎಂದು ಬೆಳಿಗ್ಗೆ ವಾದಿಸಿ ಪೂರಕ ಎಂದು ಮಧ್ಯಾಹ್ನ ವಾದಿಸಿ ಎರಡಕ್ಕೂ ಕಪ್ ತಂದವಳು ನಾನು. ಹಾಗಾಗಿ ಯಾರಾದರೂ ಏನನ್ನಾದರೂ ಖಡಾಖಂಡಿತವಾಗಿ ಹೇಳಿದರೆ ನನಗೆ ಮೈ ತುರಿಸುತ್ತದೆ.

ಹನ್ನೆರಡು ದಿನಗಳಿದ್ದವು. ಮೊದಲನೇ ದಿನ ನಡುಮನೆಯ ತೊಟ್ಟಿಲಿನ ಪಕ್ಕ ಚಾಪೆ ಹಾಸಿಕೊಂಡು ಕೂತೆವು. ಪಕ್ಕದ ಮನೆಯ ಪವರ್‌ಲೂಮುಗಳು ಎಂದಿನಂತೆ ಗೋಡೆ ನಡುಗಿಸುತ್ತಿದ್ದವು. ಅತ್ತಿಗೆ ಗೈಡಿನಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕಿದ್ದ ಪುಟ ತೆಗೆದರು. ಹಾರ್ಮೋನಿಕ್ ಆಸಿಲೇಟರಿನ, ಅಂದರೆ ಆಂದೋಲಕದ, ಶಕ್ತಿಯ ಮಟ್ಟಗಳು. ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆ, ಹತ್ತು ಅಂಕ.

"ಇದೊಂದು ಕರೆಕ್ಟಾಗಿ ಬಂದ್ಬಿಟ್ರೆ ಉಳಿದಿದ್ದು ಹೆಂಗೋ ಎಳ್ಕೊಂಡ್ ಹೋಗ್ತೀನಿ ಕಣೇ. ಹೇಳು," ಎಂದರು.

ಹೇಳಿದೆ. ತೂಗುವ ಯಾವುದೇ ವಸ್ತುವನ್ನು ತೆಗೆದುಕೊಳ್ಳಿ. ಮಧ್ಯದಿಂದ ಎಷ್ಟು ದೂರ ಎಳೆದರೆ ಅಷ್ಟೇ ಜೋರಾಗಿ ಅದು ಮಧ್ಯಕ್ಕೆ ವಾಪಸ್ ಬರಲು ನೋಡುತ್ತದೆ. ನಮ್ಮ ಲೋಕದಲ್ಲಿ ಅದನ್ನು ಎಷ್ಟು ಬೇಕೋ ಅಷ್ಟು ತೂಗಬಹುದು. ಸ್ವಲ್ಪ, ಇನ್ನೊಂಚೂರು, ಜಾಸ್ತಿ, ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಅಣುವಿನ ಲೋಕದಲ್ಲಿ ಹಾಗಿಲ್ಲ. ಅಲ್ಲಿ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲ ಮೆಟ್ಟಿಲುಗಳ ಎತ್ತರ ಒಂದೇ. ನಡುವೆ ಕಾಲಿಡಲು ಜಾಗವಿಲ್ಲ.

"ಸರಿ, ಇಲ್ಲೀತನಕ ತಲೆಗೋಯ್ತು. ಕೆಳಗಿನ ಮೆಟ್ಟಿಲು ಸೊನ್ನೆ ತಾನೆ?"

"ಅಲ್ಲ ಅತ್ತಿಗೆ. ಅರ್ಧ. ನೆಲದ ಮೇಲೆ ನಿಲ್ಲೋ ಹಾಗೇ ಇಲ್ಲ. ಅರ್ಧ ಮೆಟ್ಟಿಲಿನಿಂದ ಶುರು. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ."

"ಯಾಕೆ?"

ಇಲ್ಲೇ ನಾನು ಎಡವಿದ್ದು. ಒಳ್ಳೆಯ ಮೇಷ್ಟ್ರಾದವರು ಇಲ್ಲಿ ಉತ್ತರ ಹೇಳಿ ಮುಂದಿನ ಪುಟಕ್ಕೆ ಹೋಗಿರುತ್ತಿದ್ದರು. ನಾನು ಪುಸ್ತಕ ಮುಚ್ಚಿ, "ಅದೇ ನನ್ ಪ್ರಶ್ನೆನೂ! ಯಾಕೆ ಸೊನ್ನೆ ಆಗಬಾರದು? ಅಲುಗಾಡದೇ ಸುಮ್ಮನೆ ನಿಲ್ಲೋಕೆ ಅದಕ್ಕೇನು ಧಾಡಿ?" ಎಂದು ಶುರುಮಾಡಿದೆ. ಮೊದಲು ಪದಗಳ ಅರ್ಥ ಖಚಿತಪಡಿಸಿಕೊಳ್ಳಬೇಕು, ಪುರಾವೆಯ ಹೊಣೆ ಹೇಳುವವರ ಮೇಲಿರುತ್ತದೆ, ಒಮ್ಮೆ ಒಪ್ಪಿದ ಮಾತನ್ನು ಹಿಂತೆಗೆಯುವ ಹಾಗಿಲ್ಲ ಎಂದೆಲ್ಲ ಚರ್ಚೆಯ ನಿಯಮಗಳನ್ನು ಹಾಕಿದೆ. ಮೂರು ದಿನ ಕಳೆದರೂ ಆ ಪುಟ ತಿರುವಲಿಲ್ಲ.

ಮೂರನೇ ದಿನ ಸಂಜೆ ಅತ್ತಿಗೆ ಹೇಳಿದರು, "ನಂಬು ಅಂತ ನನಗ್ಯಾರೂ ಹೇಳಿಲ್ಲ ಕಣೇ. ಬರಿ ಅಂತ ಹೇಳವ್ರೆ. ನೀನು ಬರ್ದು ಪಾಸಾಗಿ, ಈಗ ನನ್ ಹತ್ರ ಬಂದು ನಂಬಲ್ಲ ಅಂತೀಯ. ನಾನು ಫೇಲಾದ್ರೆ ನಿನ್ನ ಅನುಮಾನ ಬಂದು ಬಿ.ಎಡ್. ಸೀಟ್ ಕೊಡಿಸ್ತದಾ?"

ಮಾತು ಚುಚ್ಚಿತು. ನಾಳೆ ಕಣ್ಣಿಗೆ ಕಾಣುವ ಹಾಗೆ ವಿವರಿಸುತ್ತೇನೆ ಎಂದೆ. ಕಣ್ಣಿಗೆ ಕಾಣುವಂಥದ್ದು ಅಂದರೆ ನಮ್ಮ ಮುಂದೆಯೇ ತೂಗುತ್ತಿದ್ದ ತೊಟ್ಟಿಲು.

ಆ ತೊಟ್ಟಿಲಿನ ವಿಚಾರ ಸ್ವಲ್ಪ ಹೇಳಬೇಕು. ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಮಗುವಿಗೆ ಹೊಟ್ಟೆನೋವು ಬರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ಶಾಸ್ತ್ರ. ಆದರೆ ಮನೆ ಅಂದಮೇಲೆ ಓಡಾಡುವವರ ಮೊಣಕೈ ತಗುಲುತ್ತದೆ, ಗಾಳಿ ಬೀಸುತ್ತದೆ, ಪಕ್ಕದ ಮಗ್ಗ ಬೇರೆ ಇದೆ. ತೊಟ್ಟಿಲು ತಾನಾಗಿ ಅಲುಗುತ್ತದೆ. ಅಜ್ಜಿ ಇದಕ್ಕೆ ತನ್ನದೇ ಪರಿಹಾರ ಕಂಡುಕೊಂಡಿದ್ದಳು. ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರಲ್ಲ, ಒರಳಿನ ಆ ಗುಂಡುಕಲ್ಲನ್ನು ಅಜ್ಜಿ ಆಮೇಲೆ ಆಚೆ ತೆಗೆಯಲೇ ಇಲ್ಲ. ಕಾಲಿನ ಕಡೆ ಒಂದು ಮೂಲೆಯಲ್ಲಿ ಬಟ್ಟೆ ಸುತ್ತಿ, ತಲೆಗೊಂದು ಕುಲಾವಿ ಹಾಕಿ ಕಾಯಂ ಆಗಿ ಇಟ್ಟುಬಿಟ್ಟಳು. ತೊಟ್ಟಿಲು ಖಾಲಿಯೇ ಆಗದಿದ್ದ ಮೇಲೆ ಖಾಲಿ ತೊಟ್ಟಿಲು ತೂಗುವ ಮಾತೆಲ್ಲಿ? ವಾದ ಬಲ್ಲವಳಾಗಿ ಹೇಳುತ್ತೇನೆ, ಇಷ್ಟು ಚೊಕ್ಕವಾಗಿ ನಿಯಮವನ್ನು ಪಾಲಿಸಿ ನಿಯಮದಿಂದ ತಪ್ಪಿಸಿಕೊಂಡವರನ್ನು ನಾನು ಯಾವ ವೇದಿಕೆಯಲ್ಲೂ ನೋಡಿಲ್ಲ.

ಬಂದವರೆಲ್ಲ ಆ ಕಲ್ಲಿಗೂ ಮರ್ಯಾದೆ ಕೊಡುತ್ತಿದ್ದರು. ಕಣ್ಣು ಮಂಜಾದ ಒಬ್ಬ ದೊಡ್ಡಮ್ಮ ಮಗು ಅಡುಗೆಮನೆಯಲ್ಲಿದ್ದಾಗ ತೊಟ್ಟಿಲಿಗೆ ಬಗ್ಗಿ, ಕಲ್ಲಿನ ಗಲ್ಲ ಸವರಿ, "ಥೇಟ್ ಅವರಪ್ಪನ್ ತಲೆನೇ ಬಂದೈತೆ," ಎಂದು ನೆಟಿಗೆ ತೆಗೆದು ಹೋಗಿದ್ದರು. ಅಣ್ಣ ಆ ದಿನ ಊಟಕ್ಕೆ ಕೂರುವ ಮೊದಲು ಎರಡು ಸಲ ಕನ್ನಡಿ ನೋಡಿಕೊಂಡ.

ನಾಲ್ಕನೇ ದಿನ ಬೆಳಿಗ್ಗೆ ಅತ್ತಿಗೆ ತೊಟ್ಟಿಲನ್ನೇ ದಿಟ್ಟಿಸಿ ನೋಡಿ, "ಸಿಕ್ತು ಬಿಡೇ!" ಎಂದರು. "ಮಗು ಇಲ್ದಿದ್ರೂ ಕಲ್ಲೈತೆ. ಒಂದ್ ಮಗು ಇದ್ರೆ, ಒಂದು ಮತ್ತು ಕಲ್ಲು. ಅವಳಿ ಇದ್ರೆ, ಎರಡು ಮತ್ತು ಕಲ್ಲು. ಕಲ್ಲಿಗೆ ಅರ್ಧ ಅಂತ ಇಟ್ಕೋ. ಅರ್ಧ, ಒಂದೂವರೆ, ಎರಡೂವರೆ. ಆಯ್ತಲ್ಲ!"

"ಆಗಲಿಲ್ಲ ಅತ್ತಿಗೆ. ಹೋಲಿಕೆ ಪುರಾವೆ ಅಲ್ಲ. ಕಲ್ಲು ತೆಗೆದಿಟ್ರೆ?"

"ತೆಗೆಯಂಗಿಲ್ಲ ಅಂತ ಅಜ್ಜಿ ಹೇಳವ್ರಲ್ಲ."

"ಪ್ರಕೃತಿಯಲ್ಲಿ ಅಜ್ಜಿ ಎಲ್ಲಿದಾರೆ?"

ನಾನು ಎದ್ದೆ. ಮಗು ಅತ್ತಿಗೆಯ ತೊಡೆಯ ಮೇಲಿತ್ತು. ಕುಲಾವಿಯ ಸಮೇತ ಗುಂಡುಕಲ್ಲನ್ನು ಎತ್ತಿ ಕಿಟಕಿಯಲ್ಲಿಟ್ಟೆ. "ನೋಡಿ, ಈಗ ಇದು ನಿಜವಾದ ಆಂದೋಲಕ. ಇಷ್ಟು ತೂಗಬಹುದು. ಇಷ್ಟೂ ತೂಗಬಹುದು. ಮೆಟ್ಟಿಲು ಎಲ್ಲಿದೆ? ಬಿಟ್ಟರೆ ನಿಧಾನವಾಗಿ ಸೊನ್ನೆಗೇ ಬರುತ್ತೆ. ಅರ್ಧ ಎಲ್ಲಿದೆ?" ಎನ್ನುತ್ತ ಖಾಲಿ ತೊಟ್ಟಿಲನ್ನು ಎರಡೂ ಕೈಯಿಂದ ಜೋರಾಗಿ ಬೀಸಿದೆ. ಅದು ಸೂರಿನ ತೊಲೆಯನ್ನು ಕಿರುಗುಟ್ಟಿಸುತ್ತ ಹೋಗಿ, ವಾಪಸ್ ಬರುವ ಹೊತ್ತಿಗೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೈಯಲ್ಲಿ ರಾಗಿ ಹಿಟ್ಟಿನ ಡಬ್ಬ.

"ಅಯ್ಯಯ್ಯಯ್ಯೋ! ಖಾಲಿ ತೊಟ್ಲು ತೂಗ್ತಾವ್ಳಲ್ಲೋ! ಏನ್ ಬಂತೇ ನಿಂಗೆ? ಕಲ್ಲೆಲ್ಲೇ? ಕಲ್ಲೆಲ್ಲಿ ಹಾಕ್ದೆ?"

"ಅಜ್ಜಿ, ಇದು ಪ್ರಯೋಗ..."

"ಪ್ರಯೋಗ ಮಾಡಕ್ಕೆ ನಿನ್ ಕಾಲೇಜಲ್ಲಿ ತೊಟ್ಲಿಲ್ವಾ?"

ನಾನು ಕಿಟಕಿಯಿಂದ ಕಲ್ಲನ್ನು ಎತ್ತಿ, ಕುಲಾವಿ ಸರಿಮಾಡಿ, ತೊಟ್ಟಿಲಿಗೆ ವಾಪಸ್ ಇಟ್ಟೆ.

ಆಗ ಆಗಬಾರದ್ದು ಆಯಿತು. ಮಾರನೆಯ ದಿನ ಮಗುವಿಗೆ ಹೊಟ್ಟೆ ಉಬ್ಬರಿಸಿತು. ಬೆಳಿಗ್ಗೆಯಿಂದ ಕಾಲು ಮಡಚಿಕೊಂಡು ಕೆಂಪಗಾಗಿ ಕಿರುಚತೊಡಗಿತು. ನಾನು ನಡುಮನೆಯ ಮಧ್ಯದಲ್ಲಿ ನಿಂತು, ಐದು ತಿಂಗಳ ಮಕ್ಕಳಿಗೆ ಹೊಟ್ಟೆ ಉಬ್ಬರಿಸುವುದು ಸಾಮಾನ್ಯ, ಹಿಂದಿನ ವಾರ ಖಾಲಿ ತೊಟ್ಟಿಲು ತೂಗದೆಯೂ ಎರಡು ಸಲ ಆಗಿತ್ತು, ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ ಎಂದು ಸಮರ್ಥವಾಗಿ ವಾದಿಸಿದೆ. ನನ್ನ ವಾದದಲ್ಲಿ ಈಗಲೂ ನನಗೆ ಒಂದು ಕೂದಲೆಳೆಯಷ್ಟು ತಪ್ಪು ಕಾಣುವುದಿಲ್ಲ. ಆದರೆ ಕೇಳುಗರು ಸರಿಯಿರಲಿಲ್ಲ.

"ಕಾರಣ ಏನಾರ ಆಗ್ಲಿ, ನೀನ್ ಎತ್ಕೋ," ಎಂದರು ಅತ್ತಿಗೆ.

ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದ ಅಣ್ಣ ಎರಡೂ ಕಡೆಯ ಮಾತು ಕೇಳಿ, ತೀರ್ಪು ಕೊಟ್ಟ: ಪರೀಕ್ಷೆ ಮುಗಿಯುವವರೆಗೆ ಹಗಲೆಲ್ಲ ಮಗು ನನ್ನ ಸೊಂಟದ ಮೇಲೆ. ಡಾಕ್ಟರು ಕೊಟ್ಟ ಹನಿ ಹಾಕಿದ ಮೇಲೆ ಉಬ್ಬರ ಇಳಿಯಿತು, ಆದರೆ ಶಿಕ್ಷೆ ಇಳಿಯಲಿಲ್ಲ. ಹೊಟ್ಟೆನೋವಿನ ಗಲಾಟೆಯಲ್ಲಿ ಅತ್ತಿಗೆಗೆ ಓದಲು ಸಿಗಬೇಕಿದ್ದ ಎರಡು ಪೂರ್ತಿ ದಿನ ಹೋಗಿದ್ದವು. ಇನ್ನು ಉಳಿದದ್ದು ಆರು. ಅವರು ಗೈಡಿನ ಪುಟಗಳನ್ನು ಎಣಿಸುತ್ತಿದ್ದುದನ್ನು ನೋಡಿದಾಗ ಮೊದಲ ಬಾರಿಗೆ ನನಗೆ ನನ್ನ ಬಾಯಿಯ ಮೇಲೆ ಸಿಟ್ಟು ಬಂತು.

"ಅತ್ತಿಗೆ, ಬಿಡಿ. ನಾನು ಸುಮ್ನೆ ನೋಟ್ಸ್ ಬರೆದುಕೊಡ್ತೀನಿ. ಬಾಯಿಪಾಠ ಮಾಡ್ಕೊಳಿ."

ಅವರು ಎಣಿಸುತ್ತಿದ್ದ ಗೈಡನ್ನು ಮುಚ್ಚಿದರು. "ಬ್ಯಾಡ. ಬಾಯಿಪಾಠ ನನಗೆ ನಿಲ್ಲಲ್ಲ, ಅದಕ್ಕೇ ಇಷ್ಟು ದಿನ ಹಾಳಾಗಿದ್ದು. ನೀನು ಪಾಠ ಮಾಡ್ಬೇಡ. ವಾದ ಮಾಡು. ನಾನು ಓದ್ಕೊಂಡು ಬಂದು ನಿನ್ನ ಸೋಲಿಸ್ತೀನಿ. ನೀನು ಸೋತ ದಿನ ನಾನು ಪಾಸು."

ಹೀಗೆ ನಾನು ಮೇಷ್ಟ್ರ ಕೆಲಸದಿಂದ ವಜಾ ಆಗಿ ಎದುರಾಳಿಯಾದೆ. ಇದು ನನಗೆ ಬರುವ ಕೆಲಸ. ಒಂದೇ ತೊಂದರೆ ಏನೆಂದರೆ, ವಾದ ಮಾಡುವಾಗ ನನ್ನ ದನಿ ಏರುತ್ತದೆ, ದನಿ ಏರಿದರೆ ಸೊಂಟದ ಮೇಲಿನ ಮಗು ಎದ್ದು ಅಳುತ್ತದೆ. ಮಗು ಅತ್ತರೆ ಅತ್ತಿಗೆ ಓದು ಬಿಟ್ಟು ಬರಬೇಕು. ಮಗು ಸುಮ್ಮನಿರುವುದು ಜೋಗುಳದ ರಾಗಕ್ಕೆ ಮಾತ್ರ. ಆದ್ದರಿಂದ ಉಳಿದ ಆರು ದಿನ ಕ್ವಾಂಟಮ್ ಮೆಕ್ಯಾನಿಕ್ಸನ್ನು ನಾವು ಜೋಗುಳದ ರಾಗದಲ್ಲಿ ಚರ್ಚಿಸಿದೆವು.

"ಮೆಟ್ಟಿಲಿದೆ ಅಂತೀರಲ್ಲಾ... ಯಾರು ನೋಡಿದಾರೆ ಅತ್ತಿಗೇ... ಜೋ ಜೋ..." ಎಂದು ನಾನು ಎಳೆಯುವುದು.

"ಅಣುಗಳು ನುಂಗೋ ಬೆಳಕನ್ನಾ... ಅಳೆದು ನೋಡವ್ರೆ ನಾದಿನೀ... ಬೇಕಾದ್ ಬಣ್ಣ ನುಂಗಲ್ಲಾ... ಮೆಟ್ಟಿಲಿಗ್ ಹೊಂದೋದಷ್ಟೇ... ಜೋ ಜೋ..." ಎಂದು ಅವರು.

"ಹಂಗಾದ್ರೆ ನಮ್ಮ ತೊಟ್ಟಿಲಲ್ಲೀ... ಯಾಕೆ ಕಾಣಲ್ಲಾ..."

"ತೊಟ್ಲು ದಪ್ಪಾ... ಮೆಟ್ಲು ಸಣ್ಣಾ... ಅದಕ್ಕೇ ಕಾಣಲ್ಲಾ... ಕೋಟಿ ಕೋಟಿ ಮೆಟ್ಲು ಒಟ್ಗೇ ಹತ್ತಿ ಇಳೀತದೇ..."

ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತು ಎರಡು ದಿನ ಕೇಳಿಸಿಕೊಂಡಳು. ಮೂರನೇ ದಿನ ತಡೆಯಲಾರದೆ, "ಇದ್ಯಾವ್ ಜೋಗುಳ್ವೇ? ಯಾವೂರ್ ಕಡೇದು?" ಎಂದಳು.

"ಜರ್ಮನಿ ಕಡೇದು ಅಜ್ಜಿ."

"ಅಲ್ಲಿ ಮಕ್ಳು ಹಿಂಗೆ ಜಗಳಕ್ಕೆ ಮಲಗ್ತಾವಾ?"

ತಗ್ಗಿದ ದನಿಯಲ್ಲಿ ವಾದಿಸುವುದು ಎಷ್ಟು ಕಷ್ಟ ಎನ್ನುವುದು ನನಗೆ ಆಗ ತಿಳಿಯಿತು. ನನ್ನ ಅರ್ಧ ಬಲ ದನಿಯಲ್ಲಿತ್ತು. ಮೇಜು ಗುದ್ದುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ, ಎದುರಿನವರ ಮಾತಿನ ನಡುವೆ ಬಾಯಿ ಹಾಕುವ ಹಾಗಿಲ್ಲ. ಉಳಿಯುವುದು ಕಾರಣಗಳು ಮಾತ್ರ. ಅತ್ತಿಗೆಗೆ ಇದರಿಂದ ಏನೂ ಕಷ್ಟವಾಗಲಿಲ್ಲ. ದಿನದಿಂದ ದಿನಕ್ಕೆ ಅವರ ಮಾತು ಮೊನಚಾಗುತ್ತಿತ್ತು. ನನ್ನದು ರಾಗವಾಗುತ್ತಿತ್ತು.

ಪರೀಕ್ಷೆಗೆ ಎರಡು ದಿನ ಇರುವಾಗ ಅವರು ಒಂದು ಹಳೇ ನೋಟ್‌ಬುಕ್ ತೆಗೆದು ನನ್ನ ಮುಂದೆ ಕೂತರು. ಮೇಲೆ ದೊಡ್ಡ ಅಕ್ಷರದಲ್ಲಿ "ನಾದಿನಿ ಒಪ್ಪಿಕೊಂಡಿದ್ದು" ಎಂದಿತ್ತು. ಕೆಳಗೆ ತಾರೀಖಿನ ಸಮೇತ ಸಾಲುಗಳು.

"ಮೊದಲ್ನೇ ದಿನ, ಬೆಳಿಗ್ಗೆ. ಯಾವ್ದೇ ಕಣ ಎಲ್ಲಿದೆ, ಎಷ್ಟು ಮೊಮೆಂಟಮ್‌ನಲ್ಲಿ ಓಡ್ತಿದೆ, ಎರಡನ್ನೂ ಒಟ್ಗೇ ಕರಾರುವಾಕ್ಕಾಗಿ ಹೇಳಕ್ಕಾಗಲ್ಲ. ಇದನ್ನ ನೀನು ಒಪ್ಪಿದೀಯ. ಹೌದಾ ಜೋ ಜೋ?"

"ಹೌದು. ಅದಕ್ಕೆ ಪ್ರಯೋಗದ ಆಧಾರ ಇದೆ."

"ಈಗ ಶಕ್ತಿ ಸೊನ್ನೆ ಅಂದ್ರೇನು? ಕಣ ಅಲ್ಲಾಡ್ತಿಲ್ಲ. ಸರಿಯಾಗಿ ಮಧ್ಯದಲ್ಲೇ ನಿಂತಿದೆ. ಹೌದಾ?"

"ಹೌದು ಜೋ..." ಎನ್ನುವಷ್ಟರಲ್ಲಿ ಕಾಲಡಿಯ ನೆಲ ಸರಿದಂತಾಯಿತು.

"ಅಂದ್ರೆ ಎಲ್ಲಿದೆ ಅಂತ ಪಕ್ಕಾ ಗೊತ್ತು. ಮೊಮೆಂಟಮ್ ಎಷ್ಟು ಅಂತಾನೂ ಪಕ್ಕಾ ಗೊತ್ತು, ಸೊನ್ನೆ. ಎರಡೂ ಒಟ್ಗೇ ಗೊತ್ತಿರಕ್ಕಾಗಲ್ಲ ಅಂತ ನೀನೇ ಒಪ್ಪಿದೀಯ. ಒಪ್ಪಿದ್ದನ್ನ ಹಿಂದಕ್ಕೆ ತಗೊಳಂಗಿಲ್ಲ ಅಂತಾನೂ ನೀನೇ ಹೇಳಿದೀಯ, ನೋಡು, ಎರಡ್ನೇ ಸಾಲು."

ಎಂಟು ವರ್ಷ ನಾನು ಬೇರೆಯವರಿಗೆ ತೋಡಿದ ಹಳ್ಳ ಅದು. ಮೊದಲು ಎದುರಾಳಿಯಿಂದ ಒಂದು ಸಣ್ಣ ಒಪ್ಪಿಗೆ ಪಡೆಯಬೇಕು, ಅದನ್ನು ಮರೆತಂತೆ ನಟಿಸಬೇಕು, ಕೊನೆಯಲ್ಲಿ ಹೊರತೆಗೆಯಬೇಕು. ಅತ್ತಿಗೆ ಅದನ್ನು ಯಾವ ವೇದಿಕೆಯಲ್ಲೂ ಕಲಿತಿರಲಿಲ್ಲ, ನನ್ನನ್ನು ನೋಡಿ ಕಲಿತಿದ್ದರು.

ಆದರೂ ನಾನು ಬಿಡಲಿಲ್ಲ. "ಸರಿ, ಸೊನ್ನೆ ಅಲ್ಲ. ಅರ್ಧಾನೇ ಯಾಕೆ? ಕಾಲು ಯಾಕಾಗಬಾರದು?"

"ಕಾಲೇ ಕಣೇ," ಎಂದರು ಅತ್ತಿಗೆ ನಗುತ್ತ.

ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆಯತೊಡಗಿದರು. ಕಣವನ್ನು ಮಧ್ಯಕ್ಕೆ ಬಿಗಿಯಾಗಿ ಹಿಡಿದಷ್ಟೂ ಅದರ ಓಟದ ಶಕ್ತಿ ಏರುತ್ತದೆ. ಸಡಿಲ ಬಿಟ್ಟರೆ ಅದು ದೂರ ಹೋಗುತ್ತದೆ, ಆಗ ಎಳೆತದ ಶಕ್ತಿ ಏರುತ್ತದೆ. ಎರಡರ ಮೊತ್ತ ಅತ್ಯಂತ ಕಡಿಮೆಯಾಗುವ ಜಾಗ ಯಾವುದು? "ನಿನ್ ಸೊಂಟದ ಮೇಲಿರೋನೇ ನೋಡು. ಬಿಗಿಯಾಗಿ ಸುತ್ತಿದ್ರೆ ಒದೀತಾನೆ, ಸಡಿಲ ಬಿಟ್ರೆ ಜಾರ್ಕೊಂಡ್ ಹೋಗ್ತಾನೆ. ಹೋಲಿಕೆ ಪುರಾವೆ ಅಲ್ಲ ಅಂತೀಯ, ಗೊತ್ತು, ಅದಕ್ಕೇ ಲೆಕ್ಕ ಬರೀತಿದೀನಿ." ಸಾಲುಗಳು ಇಳಿದವು. ಕೊನೆಯಲ್ಲಿ ಓಟದ್ದು ಕಾಲು, ಎಳೆತದ್ದು ಕಾಲು. ಎರಡೂ ಸಮ. ಕೂಡಿದರೆ ಅರ್ಧ. ಅದಕ್ಕಿಂತ ಕೆಳಗೆ ಹೋಗಲು ಯಾವ ದಾರಿಯೂ ಇಲ್ಲ.

ನಾನು ಆ ಹಾಳೆಯನ್ನು ಮೂರು ಸಲ ಓದಿದೆ. ಚಿಹ್ನೆ ತಪ್ಪಿದೆಯೇ ಎಂದು ನೋಡಿದೆ. ಎರಡು ಎಂಬ ಅಂಕೆ ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ನೋಡಿದೆ. ಕ್ಲಾಸಿಗೆ ಮೊದಲು ಬಂದಿದ್ದ ನಾನು ಇದೇ ಲೆಕ್ಕವನ್ನು ಹಿಂದಿನ ವರ್ಷ ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದೆ. ಆದರೆ ಅದು ಏನು ಹೇಳುತ್ತಿದೆ ಎಂದು ಆ ಮಧ್ಯಾಹ್ನದವರೆಗೂ ಕೇಳಿಸಿಕೊಂಡಿರಲಿಲ್ಲ.

"ಒಪ್ಪಿದೆ ಅತ್ತಿಗೆ! ಒಪ್ಪಿದೆ!" ಎಂದು ರಾಗ ಮರೆತು ಕೂಗಿಬಿಟ್ಟೆ. ಮಗು ಬೆಚ್ಚಿಬಿದ್ದು ಮನೆ ಹಾರಿಹೋಗುವಂತೆ ಅಳತೊಡಗಿತು. ಸೋತವಳು ನಾನು, ಅತ್ತವನು ಅವನು. ಅತ್ತಿಗೆ ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಖು ಹಾಕಿ ಕೊನೆಯ ಸಾಲು ಬರೆದು, ಆಮೇಲೆ ಮಗುವನ್ನು ಎತ್ತಿಕೊಂಡರು.

ಪರೀಕ್ಷೆಯ ದಿನ ದೊಡ್ಡಬಳ್ಳಾಪುರಕ್ಕೆ ಮೂವರೂ ಹೋದೆವು. ಮಗುವನ್ನು ಎತ್ತಿಕೊಂಡು ನಾನು ಕಾಲೇಜಿನ ಹೊಂಗೆ ಮರದ ಕೆಳಗೆ ಮೂರು ಗಂಟೆ ನಡೆದೆ. ಅಷ್ಟು ಹೊತ್ತು ಯಾವುದರ ಬಗ್ಗೆಯೂ ಯಾರೊಂದಿಗೂ ತಕರಾರು ತೆಗೆಯದೆ ಕಳೆದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅತ್ತಿಗೆ ಹೊರಗೆ ಬಂದಾಗ ಬೆರಳೆಲ್ಲ ಇಂಕಾಗಿತ್ತು.

"ಬಂತಾ?"

"ಬಂತು. ಹತ್ತು ಮಾರ್ಕ್ಸಿಂದೇ. ಬರಿಯೋವಾಗ ಬಾಯಲ್ಲಿ ಗುನುಗ್ತಿದ್ನಂತೆ, ಮೇಡಂ ಬಂದು ಗದರಿದ್ರು. ಆದ್ರೆ ಇನ್ನೊಂದು ದೊಡ್ಡ ಪ್ರಶ್ನೆ ಕೈ ಕೊಡ್ತು ಕಣೇ. ಅದು ಓದೇ ಇರ್ಲಿಲ್ಲ." ಮುಖ ಸಣ್ಣದಾಗಿತ್ತು. ಆ ಪ್ರಶ್ನೆ ಇದ್ದದ್ದು ನಾವು ಕಳೆದುಕೊಂಡ ದಿನಗಳಲ್ಲಿ ಓದಬೇಕಿದ್ದ ಪುಟಗಳಲ್ಲಿ. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ.

ಫಲಿತಾಂಶ ಬರಲು ಒಂದೂವರೆ ತಿಂಗಳಾಯಿತು. ಅಂದು ವೆಬ್‌ಸೈಟು ತೆರೆಯಲೇ ಇಲ್ಲ. ನಾನು ಮಹಡಿಗೆ ಹತ್ತಿ ಸಿಗ್ನಲ್ ಹುಡುಕಿ ನಂಬರು ಹಾಕುತ್ತಲೇ ಇದ್ದೆ. ಅತ್ತಿಗೆ ಕೆಳಗೆ ಪಾತ್ರೆ ತೊಳೆಯುತ್ತಿದ್ದರು, ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಕೊನೆಗೆ ಪುಟ ತೆರೆಯಿತು. ಪಾಸಿಗೆ ಬೇಕಾದ್ದಕ್ಕಿಂತ ಎರಡೇ ಅಂಕ ಜಾಸ್ತಿ. ನಾನು ಮೆಟ್ಟಿಲಿನಿಂದಲೇ ಕಿರುಚಿದೆ. ಅಜ್ಜಿ ಯಾರಿಗೆ ಏನಾಯಿತೆಂದು ಗಾಬರಿಯಿಂದ ಓಡಿ ಬಂದಳು. ಅತ್ತಿಗೆ ಸೋಪಿನ ಕೈಯಲ್ಲೇ ಮೊಬೈಲು ಕಿತ್ತುಕೊಂಡು ನೋಡಿದರು. ಸ್ವಲ್ಪ ಅತ್ತರು, ಸ್ವಲ್ಪ ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಇಷ್ಟೇನಾ? ಆಂದೋಲಕಕ್ಕೆ ಹತ್ತಕ್ಕೆ ಹತ್ತು ಕೊಟ್ಟಿಲ್ಲ ಅನ್ಸುತ್ತೆ. ಉತ್ತರ ಪತ್ರಿಕೆ ಫೋಟೋಕಾಪಿಗೆ ಹಾಕೋಣ."

"ಅತ್ತಿಗೆ, ಪಾಸಾಗಿದೆ! ಸೀಟ್ ಸಿಗುತ್ತೆ! ಕಾಪಿ ಯಾಕೆ?"

"ಬೇಡ ಅನ್ನಕ್ಕೆ ಒಂದು ಕಾರಣ ಹೇಳು."

ನಾಲ್ಕು ಹೇಳಿದೆ. ನಾಲ್ಕೂ ಬಿದ್ದುಹೋದವು. ಅರ್ಜಿ ಹಾಕಲು ನಾನೇ ಹೋದೆ.

ಕಾಪಿ ಕೈಗೆ ಬರುವಷ್ಟರಲ್ಲಿ ಅತ್ತಿಗೆ ಬಿ.ಎಡ್.ಗೆ ಸೇರಿ ಎರಡು ವಾರವಾಗಿತ್ತು. ಆಂದೋಲಕಕ್ಕೆ ಒಂಬತ್ತು ಕೊಟ್ಟಿದ್ದರು. ಒಂದು ಅಂಕ ಕಡಿದದ್ದು ಯಾಕೆ ತಪ್ಪು ಎಂದು ಅತ್ತಿಗೆ ಆ ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬುತ್ತಲೇ ಒಂದು ಪುಟ ಬರೆದು, "ತಪ್ಪಿದ್ರೆ ಹೇಳು," ಎಂದು ನನಗೆ ಕೊಟ್ಟರು. ನಿಂತಲ್ಲೇ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಹಾಗೆ ಹೇಳಲು ತಲೆಯೆತ್ತುವಷ್ಟರಲ್ಲಿ ಅವರು ಗೇಟು ದಾಟಿ, ಬ್ಯಾಗು ಹೆಗಲಿಗೇರಿಸಿಕೊಂಡು, ದೊಡ್ಡಬಳ್ಳಾಪುರದ ಬಸ್ಸಿಗೆ ಕೈ ಅಡ್ಡ ಹಾಕುತ್ತ ಓಡುತ್ತಿದ್ದರು.